ಒರಾಪಿನ್ ಅತ್ತಿಗೆಯ ವ್ರತದೂಟ

ನನ್ನ ಗಂಡ ಥನೋಮನ ಪ್ರಾಣ ಅವನ ಅಕ್ಕನ ಮೈತೂಕದ ಮೇಲೆ ನಿಂತಿತ್ತು. ಅವನ ಲಿವರ್ ಪೂರಾ ಕೆಟ್ಟಿತ್ತು. ಒಂದು ತುಂಡು ಕೊಡಲು ನನ್ನದು ಹೊಂದಲಿಲ್ಲ, ಒರಾಪಿನ್ ಅತ್ತಿಗೆಯದು ಹೊಂದಿತು. ಆದರೆ ಅದಕ್ಕೆ ಕೊಬ್ಬು ಹತ್ತಿತ್ತು. ‘ತೂಕ ಇಳಿಸಿಕೊಂಡು ಬನ್ನಿ, ಇಳಿಯದಿದ್ದರೆ ನಿಮ್ಮದನ್ನು ತೆಗೆಯುವಂತಿಲ್ಲ, ತಡ ಮಾಡಬೇಡಿ’ ಎಂದಿದ್ದರು ಡಾಕ್ಟರು.

ಅತ್ತಿಗೆ ಗುಡಿಯಲ್ಲಿ ಊದಿನಕಡ್ಡಿ ಹಚ್ಚಿ, ತಮ್ಮನಿಗೆ ಲಿವರ್ ಕೊಡ್ತೀನಿ ಎಂದು ಬೀದಿಯವರೆಲ್ಲರ ಎದುರು ಹರಕೆ ಹೊತ್ತಳು. ಒಂಬತ್ತು ದೇವರ ಹಬ್ಬ ಮುಗಿಯುವ ತನಕ ‘ಜೇ’ ಊಟ. ಮಾಂಸ, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲ. ನಾನು ಹಾಯಾಗಿ ಉಸಿರುಬಿಟ್ಟೆ. ಮಾಂಸ ಬಿಟ್ಟವರು ಸೊರಗದೆ ಇರುತ್ತಾರೆಯೇ?

ಎಂಥ ದಡ್ಡಿ ನಾನು! ಫುಕೆಟ್‌ನ ಹಬ್ಬದಲ್ಲಿ ಸೊಪ್ಪು ಯಾರು ತಿನ್ನುತ್ತಾರೆ? ಹಳದಿ ಬಾವುಟ ಕಟ್ಟಿದ ಅಂಗಡಿಗಳ ತುಂಬ ಬಾಣಲೆಗಳೇ. ಕರಿದ ತೋಫು, ಕರಿದ ಕೆಸುವಿನ ಗಡ್ಡೆ, ಗೋಧಿಹಿಟ್ಟಿನ ಹುಸಿ ಬಾತುಕೋಳಿ, ಎಣ್ಣೆ ಸೋರುವ ನೂಡಲ್ಸ್. ಬಿಳಿ ಬಟ್ಟೆ ತೊಟ್ಟ ಅತ್ತಿಗೆ ಒಂದನ್ನೂ ಬಿಡಲಿಲ್ಲ. ಥನೋಮನ ಕಣ್ಣು ದಿನದಿಂದ ದಿನಕ್ಕೆ ಹಳದಿಯಾಗುತ್ತಿತ್ತು. ಕೊಡುವವಳಿಗೆ ಬುದ್ಧಿ ಹೇಳುವುದು ಹೇಗೆ?

ತೂಕ ತೋರಿಸಲು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳು ಮತ್ತೆ ಕರಿದ ತೋಫುವಿನ ತಟ್ಟೆ ಹಿಡಿದು ಕೂತಾಗ ತಡೆಯಲಾಗಲಿಲ್ಲ.

“ಅತ್ತಿಗೆ, ಇದೇನು ವ್ರತಾನಾ, ಎಣ್ಣೆಸ್ನಾನಾನಾ?”

“ದೇವರ ಊಟಕ್ಕೆ ಹೆಸರಿಡ್ತೀಯಾ? ಇದ್ರಲ್ಲಿ ಒಂದು ಚೂರು ಮಾಂಸ ತೋರ್ಸು ನೋಡೋಣ.”

“ನಾಳೆ ತಕ್ಕಡಿ ಮಾಂಸಾನಾ ತೋಫುನಾ ಅಂತ ಕೇಳಲ್ಲ!” ಎಂದು ತಟ್ಟೆಗೆ ಕೈಹಾಕಿದೆ. ಅವಳು ಬಿಡಲಿಲ್ಲ. ಇಬ್ಬರೂ ಎಳೆದಾಡಿದೆವು. ಇದ್ದಕ್ಕಿದ್ದಂತೆ ಅವಳ ಕೈ ಸಡಿಲವಾಯಿತು.

“ನಂಗೂ ಗೊತ್ತು ಕಣೇ. ಮೊದಲನೇ ದಿನದಿಂದ್ಲೂ ಗೊತ್ತು. ಹೊಟ್ಟೆ ಸೀಳ್ತಾರೆ ಅಂತ ನೆನೆಸ್ಕೊಂಡ್ರೆ ಕೈಕಾಲು ತಣ್ಣಗಾಗುತ್ತೆ. ಎಲ್ಲರ ಮುಂದೆ ಕೊಡ್ತೀನಿ ಅಂದ್ಬಿಟ್ಟೆ. ಈಗ ಆಗಲ್ಲ ಅನ್ನೋಕೆ ಬಾಯಿ ಬರ್ತಿಲ್ಲ. ತಕ್ಕಡೀನೇ ಹೇಳ್ಲಿ ಅಂತ...”

ನನಗೆ ಮೈಯೆಲ್ಲ ಉರಿಯಿತು. ತಟ್ಟೆಯನ್ನು ಗೋಡೆಗೆ ಎಸೆಯಬೇಕು, ಅವಳ ಜುಟ್ಟು ಹಿಡಿದು ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಥನೋಮ್ ಗೋಡೆ ಹಿಡಿದುಕೊಂಡು ಒಳಗೆ ಬಂದ. ಎಲ್ಲ ಕೇಳಿಸಿಕೊಂಡಿದ್ದ. ನನ್ನ ಕೈಯಿಂದ ತಟ್ಟೆ ತೆಗೆದು ಅಕ್ಕನ ಮುಂದಿಟ್ಟ.

“ತಿನ್ನು ಅಕ್ಕ. ಡಾಕ್ಟ್ರೇ ಬೇಡ ಅಂದ್ರೆ ಯಾರೂ ನಿನ್ನ ಬಯ್ಯಲ್ಲ.”

“ಹುಚ್ಚು ಹಿಡಿದಿದ್ಯಾ ನಿಂಗೆ?” ಎಂದು ಚೀರಿದೆ.

ಅವನು ನನ್ನತ್ತ ನೋಡಲೇ ಇಲ್ಲ. ಒಂದು ತುಂಡು ತೋಫು ಎತ್ತಿ ಅವಳ ಬಾಯಿಗಿಟ್ಟ. ಅತ್ತಿಗೆ ಬಿಕ್ಕಿ ಬಿಕ್ಕಿ ಅಳುತ್ತಾ ಅಗಿದಳು, ನುಂಗಿದಳು. ಅವನು ಇನ್ನೊಂದು ತುಂಡು ಎತ್ತಿದ.