ಕುರ್ಚಿಯ ಹಿಂದೆ ನಿಂತವನು

ಅವನ ಟೀಕೆಗಳೆಂದರೆ ಇಡೀ ತಂಡಕ್ಕೆ ನಡುಕ. ಯಾರದೇ ಕಂಪ್ಯೂಟರ್ ಪ್ರೋಗ್ರಾಮ್ ಪರಿಶೀಲನೆಗೆ ಬಂದರೂ ಸಾಲುಸಾಲಿಗೆ ತಪ್ಪು ಬರೆದು ವಾಪಸು ಕಳಿಸುತ್ತಿದ್ದನೇ ಹೊರತು ಬಾಯಿಬಿಟ್ಟು ಒಂದು ಮಾತಾಡುತ್ತಿರಲಿಲ್ಲ. ತಂಡದ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಮ್ಯಾನೇಜರ್ ನೇರವಾಗಿಯೇ ಹೇಳಿದರು: "ಕೆಲಸದಲ್ಲಿ ನಿನ್ನ ಮೀರಿಸೋರಿಲ್ಲಪ್ಪ. ಆದ್ರೆ ಜನರ ಜೊತೆ ಮಾತಾಡೋದು ಕಲೀದಿದ್ರೆ ಈ ಹುದ್ದೆ ಕೈತಪ್ಪುತ್ತೆ. ಶುಕ್ರವಾರ ಮೇಲಿನವರಿಗೆ ಒಬ್ಬರ ಹೆಸರು ಕಳಿಸ್ಬೇಕು."

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಶುಕ್ರವಾರ ಬೆಳಿಗ್ಗೆ, ಹೊಸದಾಗಿ ಸೇರಿದ ಹುಡುಗಿಯ ಪ್ರೋಗ್ರಾಮ್ ನೋಡುತ್ತಿದ್ದಂತೆ ಎಂದಿನಂತೆ ಬೆರಳು ಚುರುಕಾಯಿತು. ಬರೆದ ಟೀಕೆಯನ್ನು ಅಳಿಸಿದ. ಎದ್ದು ಹೋಗಿ ನೀರು ಕುಡಿದ. ಕೊನೆಗೆ ಅವಳ ಕುರ್ಚಿಯ ಹಿಂದೆ ನಿಂತ. ಅವಳು ತಿರುಗಿ ನೋಡಿ ಬೆಚ್ಚಿದಳು.

"ಅಬ್ಬಾ! ಏನ್ ಸಾರ್, ದೆವ್ವದ ಹಾಗೆ ನಿಂತಿದ್ದೀರಿ? ನನ್ನ ಕೆಲಸ ಹೋಯ್ತಾ?"

"ಅಯ್ಯೋ, ಇಲ್ಲಮ್ಮ. ಒಂದೇ ಲೆಕ್ಕಾನ ಎರಡು ಸಲ ಯಾಕೆ ಮಾಡಿಸಿದ್ದೀಯ ಅಂತ ಕೇಳೋಣ ಅಂತ ಬಂದೆ."

ಅವಳು ತಡವರಿಸಿದಳು. "ಮೊದಲನೇದು ಒಮ್ಮೊಮ್ಮೆ ತಪ್ಪು ಉತ್ತರ ಕೊಡುತ್ತೆ ಸಾರ್. ಅದು... ನೀವು ಬರೆದಿದ್ದು."

"ಇದು ಬೇರೆಯವರಿಗೂ ಗೊತ್ತಾ?"

"ಎಲ್ಲರಿಗೂ ಗೊತ್ತು. ನಿಮಗೆ ಹೇಳೋ ಧೈರ್ಯ ಯಾರಿಗಿದೆ?"

ಸುತ್ತ ಕೀಬೋರ್ಡ್‌ಗಳ ಸದ್ದು ನಿಂತಿತ್ತು. ಯಾರೂ ತಲೆ ಎತ್ತಲಿಲ್ಲ. ಅವನಿಗೆ ತನ್ನ ಜಾಗಕ್ಕೆ ಓಡಿಹೋಗಿಬಿಡಬೇಕೆನಿಸಿತು. ಆದರೂ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

"ತೋರಿಸು. ಇನ್ನೂ ಏನೇನಿದೆಯೋ ಅದನ್ನೂ ಹೇಳು," ಎಂದ. ಮೇಜಿನ ಕೆಳಗೆ ಅವನ ಕಾಲು ಕುಣಿಯುತ್ತಲೇ ಇತ್ತು.