ಏಳು ತಲೆಮಾರಿನ ಹೆಸರು

ಚೋಲ್ಪೋನ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾರಿನ್ ನದಿಯ ಪಕ್ಕದ ಆ ಸಣ್ಣ ಊರಿಗೆ ವಿಶೇಷ ಮಕ್ಕಳನ್ನು ಪರೀಕ್ಷಿಸುವ ಆಯೋಗ ಬರುವುದೇ ವರ್ಷಕ್ಕೊಮ್ಮೆ. ಮಗುವನ್ನು ನೋಡಿ, ‘ತರಗತಿಯಲ್ಲಿ ಜೊತೆಗೊಬ್ಬ ಸಹಾಯಕಿ ಬೇಕು’ ಎಂದು ಅವರು ಕಾಗದ ಬರೆದುಕೊಟ್ಟರೆ ಸೆಪ್ಟೆಂಬರ್ ಒಂದಕ್ಕೆ ಮಗ ಎಲ್ದಿಯಾರ್ ಶಾಲೆಗೆ ಸೇರುತ್ತಾನೆ. ಇಲ್ಲದಿದ್ದರೆ ಇನ್ನೊಂದು ವರ್ಷ ಮನೆಯಲ್ಲೇ. ಮುಖ್ಯೋಪಾಧ್ಯಾಯಿನಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: ಕಾಗದ ತಂದರೆ ಸರಿ, ಮೂವತ್ತೆಂಟು ಮಕ್ಕಳ ನಡುವೆ ಇವನೊಬ್ಬನನ್ನು ಹಿಡಿದುಕೊಂಡು ಕೂರಲು ನನ್ನ ಹತ್ತಿರ ಜನ ಇಲ್ಲ.

ಏಳು ವರ್ಷದ ಎಲ್ದಿಯಾರ್ ಗೋಡೆಗೆ ಅಂಗೈ ಉಜ್ಜುತ್ತಾ ಆಯೋಗದ ಕೋಣೆಯ ಹೊರಗಿನ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಹಿಂದೆಯೇ ಚೋಲ್ಪೋನ್. ಬೆಂಚಿನ ಮೇಲೆ ಬಿಳಿ ಸ್ಕಾರ್ಫು ಬಿಗಿದುಕೊಂಡು ಅತ್ತೆ ಕುಮುಶ್‌ಖಾನ್ ಕೂತಿದ್ದಳು. ಬಾ ಎಂದು ಯಾರೂ ಕರೆದಿರಲಿಲ್ಲ, ಬಂದಿದ್ದಳು.

“ಇವನ ತಲೇನೂ ಬಾಚಿಲ್ಲ ನೀನು. ಭಿಕ್ಷೆಗೆ ಕರ್ಕೊಂಡು ಬಂದಂಗಿದೆ.”

“ಬಾಚಿದ್ರೆ ಕಿರುಚ್ತಾನೆ ಅತ್ತೆ. ಹೇಗಿದಾನೋ ಹಾಗೇ ನೋಡ್ಲಿ ಅವರು.”

“ಏನಾಗಿದೆಯಂತೆ ಇವನಿಗೆ? ಇವನಪ್ಪ ಐದು ವರ್ಷದ ತನಕ ಬಾಯಿ ಬಿಟ್ಟಿರ್ಲಿಲ್ಲ. ಈಗ ನಾನೂರು ಕುರಿ ಕಾಯ್ತಿಲ್ವಾ?”

“ಕುರಿ ಹತ್ರ ಏನು ಮಾತಾಡ್ಬೇಕಿದೆ ಬಿಡಿ.”

ಅತ್ತೆ ಕೇಳಿಸದವಳಂತೆ ಸ್ಕಾರ್ಫು ಸರಿಮಾಡಿಕೊಂಡಳು. ಆಟಿಸಂ ಎಂಬುದು ಅವಳ ಪಾಲಿಗೆ ಪೇಟೆ ಡಾಕ್ಟರು ಅಂಟಿಸಿ ಕಳಿಸಿದ ಹೆಸರು. ನೆರೆಹೊರೆಯವರು ಕೇಳಿದರೆ ಹುಡುಗನಿಗೆ ನಾಚಿಕೆ ಜಾಸ್ತಿ ಎನ್ನುತ್ತಿದ್ದಳು.

ಕೊನೆಗೂ ಒಳಗೆ ಕರೆದರು. ಅತ್ತೆಯೂ ಹಿಂದೆಯೇ ಬಂದಳು. ಮೇಜಿನ ಹಿಂದೆ ಅಧ್ಯಕ್ಷ ಟೊಕ್ತೋಸುನ್, ತಲೆ ನರೆತ ಹಳೇ ಮೇಷ್ಟ್ರು. ಪಕ್ಕದಲ್ಲಿ ಚಿಕ್ಕ ವಯಸ್ಸಿನ ಮನಶ್ಶಾಸ್ತ್ರಜ್ಞೆ. ಎಲ್ದಿಯಾರ್ ನೇರ ಕಿಟಕಿಗೆ ಹೋಗಿ ಚಿಲಕ ಟಕಟಕ ಮಾಡತೊಡಗಿದ. ಆ ಹುಡುಗಿ ಚಿತ್ರಗಳನ್ನು ಹಿಡಿದಳು. ಅವನು ಕಣ್ಣೆತ್ತಲಿಲ್ಲ. ಹೆಸರು ಹಿಡಿದು ಕರೆದಳು. ತಿರುಗಲಿಲ್ಲ. ಅವಳು ಏನೋ ಬರೆದುಕೊಂಡಾಗ ಚೋಲ್ಪೋನ್‌ಗೆ ಹಾಯೆನಿಸಿತು. ಮಗ ಸೋಲಲಿ ಎಂದು ಬೇಡುವ ತಾಯಿ ಎಲ್ಲಾದರೂ ಉಂಟೇ? ಇದ್ದಳು, ಇಲ್ಲೇ ನಿಂತಿದ್ದಳು.

ಅಷ್ಟರಲ್ಲಿ ಟೊಕ್ತೋಸುನ್ ಆ ಸೀಮೆಯ ಹಿರಿಯರೆಲ್ಲ ಗಂಡುಹುಡುಗರನ್ನು ಕಂಡೊಡನೆ ಕೇಳುವುದನ್ನೇ ಕೇಳಿಬಿಟ್ಟರು. “ಏನೋ ಮರಿ, ನಿನ್ನ ಏಳು ತಲೆಮಾರು ಹೇಳು ನೋಡೋಣ.”

ಕಿಟಕಿಯತ್ತ ಮುಖ ಮಾಡಿಕೊಂಡೇ ಹುಡುಗ ಶುರುಮಾಡಿದ. “ಮಕ್ಸತ್, ಜೋಲ್ಬೋಲ್ದು, ಸಿದಿಕ್, ಕಲ್ದಿಬಾಯ್, ಬೋರೋನ್‌ಬಾಯ್, ಎಸೆನ್‌ಗೆಲ್ದಿ, ತಿನಾಯ್.” ಒಂದು ಕಡೆಯೂ ತಡವರಿಸಲಿಲ್ಲ.

ಮುದುಕನ ಮುಖ ಅರಳಿತು. “ನನ್ನ ಮೊಮ್ಮಗ ಹತ್ತನೇ ಕ್ಲಾಸು. ಮೂರನೆಯವನ ಹೆಸರಿಗೇ ತೊದಲ್ತಾನೆ. ಇಂಥವನಿಗೆ ಸಹಾಯಕಿ ಯಾಕಮ್ಮ? ಮುದ್ದು ಜಾಸ್ತಿಯಾಗಿದೆ, ಅಷ್ಟೆ.”

“ಆಗಾಯ್, ಚಿತ್ರ ನೋಡ್ಲೇ ಇಲ್ಲ ಅವನು,” ಎಂದಳು ಮನಶ್ಶಾಸ್ತ್ರಜ್ಞೆ. ಆ ಕಡೆ ಮೇಷ್ಟ್ರನ್ನು ಕರೆಯುವುದೇ ಹಾಗೆ.

“ನೋಡದಿದ್ರೆ ಏನಂತೆ.” ಪೆನ್ನು ಕಾಗದ ಮುಟ್ಟಿತ್ತು.

ಚೋಲ್ಪೋನ್ ಒಂದೇ ಉಸಿರಿಗೆ ಹೇಳಿದಳು. ಒಂದಕ್ಕೆ ಬಂದರೆ ಹೇಳುವುದಿಲ್ಲ, ಗಂಟೆ ಬಾರಿಸಿದರೆ ಕೈ ಕಚ್ಚಿಕೊಳ್ಳುತ್ತಾನೆ, ರಸ್ತೆಗೆ ಓಡಿಹೋಗುತ್ತಾನೆ. ಒಂದೊಂದು ಮಾತಿಗೂ ಮಗನ ಬಟ್ಟೆ ತಾನೇ ಬಿಚ್ಚಿದಂತಾಗುತ್ತಿತ್ತು. “ತಾಯಂದಿರು ಹೆದರೋದೇ ಹೀಗೆ,” ಎಂದು ಅಧ್ಯಕ್ಷರು ನಕ್ಕರು. ಚೋಲ್ಪೋನ್‌ಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹೆಸರು ಕಲಿಸಿ ಎಲ್ಲಾ ಕೆಡಿಸಿದ್ದು ನೀವೇ ಎನ್ನಲು ತಿರುಗಿದಳು.

ಅತ್ತೆ ಹುಡುಗನನ್ನೇ ನೋಡುತ್ತಿದ್ದಳು. ಯಾರೂ ಕೇಳದಿದ್ದರೂ ಅವನು ಮೂರನೇ ಸಲ ಹೆಸರು ಹೇಳುತ್ತಿದ್ದ.

“ಪೆನ್ನು ನಿಲ್ಸಿ ಆಗಾಯ್,” ಎಂದಳು ಕುಮುಶ್‌ಖಾನ್. “ಇದನ್ನ ಕಲಿಸಿದ್ದು ನಾನು. ಎರಡು ವರ್ಷ, ದಿನಾ ಹಾಲು ಕರೆಯೋವಾಗ. ಕಲಿತ್ರೆ ಸರಿಹೋಗ್ತಾನೆ ಅಂದ್ಕೊಂಡೆ. ಕಲಿತ. ಇವತ್ತಿಗೂ ಬಾಯಾರಿದ್ರೆ ನೀರು ಅಂತ ಕೇಳಲ್ಲ. ನನ್ನ ಒಂದು ಸಲಾನೂ ಅಜ್ಜಿ ಅಂದಿಲ್ಲ. ಹೋದ ಚಳಿಗಾಲ ಹಿತ್ತಲಲ್ಲಿ ಕಣ್ಮರೆಯಾದ. ಕೂಗಿ ಕೂಗಿ ಸಾಕಾಯ್ತು. ಹತ್ತೇ ಹೆಜ್ಜೆ ದೂರ ಹಿಮದಲ್ಲಿ ಕೂತಿದ್ದ, ಓಗೊಡಲಿಲ್ಲ. ಇವಳಿಗೂ ಹೇಳಿಲ್ಲ ನಾನು ಇದನ್ನ.”

ಚೋಲ್ಪೋನ್ ಪಕ್ಕಕ್ಕೆ ಬಂದು ನಿಂತರೂ ಅತ್ತೆ ಅಧ್ಯಕ್ಷರಿಗೇ ಹೇಳುತ್ತಿದ್ದಳು.

“ಆಟಿಸಂ ಅಂತಲೇ ಬರೀರಿ. ಅಪ್ಪ ಬೆಟ್ಟದಲ್ಲಿ ಕುರಿ ಹಿಂದೆ, ಮಿಕ್ಕ ಆರು ಜನ ಮಣ್ಣಲ್ಲಿ. ಅವರಲ್ಲಿ ಯಾರು ಬಂದು ಕ್ಲಾಸಲ್ಲಿ ಇವನ ಪಕ್ಕ ಕೂತ್ಕೋತಾರೆ, ಹೇಳಿ?”

ಅಧ್ಯಕ್ಷರು ಬರೆಯುತ್ತಿದ್ದ ಹಾಳೆಯನ್ನು ಹರಿದು ಹೊಸದೊಂದನ್ನು ಎಳೆದುಕೊಂಡರು. ಚೋಲ್ಪೋನ್ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡೇ ನನ್ನ,” ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. “ನನಗೆ ಕಾಣಲ್ಲ. ಏನು ಬರೀತಾರೆ ಹೋಗಿ ನೋಡು. ಸಹಾಯಕಿ ಅನ್ನೋದು ಬಿಟ್ಟುಬಿಟ್ಟಾರು.”

ಚೋಲ್ಪೋನ್ ಬಗ್ಗಿ ನೋಡಿದಳು. ಬರೆದಿದ್ದರು.