ಮೂರು ಬಣ್ಣದ ಒಂದೇ ಗರಗಸ

ಬ್ಲೇಡು ಹಿಡಿಯುವ ಕ್ಲ್ಯಾಂಪು ಟಪ್ಪನೆ ಮುರಿದಾಗ ಬಡಿಗ ಯಲಗೂರಪ್ಪನ ಬಾಯಿಂದ ಬಂದ ಬೈಗುಳ ತಿಕೋಟಾದ ಅರ್ಧ ಓಣಿಗೆ ಕೇಳಿಸಿತು. ಸಾಗವಾನಿ ಹಲಗೆಯಲ್ಲಿ ಹೂವು, ಬಳ್ಳಿ ಕೊರೆಯುವ ಈ ಕೆಂಪು ಸ್ಕ್ರೋಲ್ ಗರಗಸ ತಂದು ಹನ್ನೊಂದೇ ದಿನ. ಬಬಲೇಶ್ವರದ ಗುರುಪಾದಯ್ಯನವರ ಹೊಸ ಮನೆಗೆ, ದೇವರ ಕೋಣೆಗೆ ನವಿಲು ಕೊರೆದ ಎರಡು ಬಾಗಿಲು ಕೊಡಬೇಕಿತ್ತು. ಒಂದು ನವಿಲು ಮುಗಿದಿತ್ತು. ಇನ್ನೊಂದು ಕುತ್ತಿಗೆಯವರೆಗೆ ಬಂದು ನಿಂತಿತ್ತು. ನಾಳೆ ಬೆಳಿಗ್ಗೆ ಗೃಹಪ್ರವೇಶ.

"ಹಿಂದಿನ ಹಸಿರು ಮಷೀನೂ ಇಲ್ಲೇ ಮುರದಿತ್ತಲ್ರಿ," ಎಂದಳು ಹೆಂಡತಿ ಲಲಿತಾ.

"ಅದು ಚೀನಾ ಮಾಲು. ಇದು ಜರ್ಮನಿ ಕಂಪನಿದು. ನಿನಗೇನ ತಿಳಿತೈತಿ, ಸುಮ್ಮಿರ ಬೇ!"

ಹೇಳಿದ್ದೇನೋ ಹೇಳಿದ, ಮುರಿದ ತುಂಡು ತಿರುವಿ ನೋಡಿದ. ಎರಕದಲ್ಲಿ ಸಣ್ಣ ತ್ರಿಕೋನ, ಅದರೊಳಗೆ 7. ಹಸಿರು ಯಂತ್ರದ ಮೇಲೂ ಇದೇ ಗುರುತಿತ್ತು.

ಯಂತ್ರವನ್ನು ಬೈಕಿಗೆ ಬಿಗಿದು ವಿಜಯಪುರಕ್ಕೆ ಹೊಡೆದ. ಯಂತ್ರ ಕೊಂಡಿದ್ದ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಅದನ್ನು ಕೌಂಟರ್ ಮೇಲೆ ಕುಕ್ಕಿ, "ಮಿಲಿಂದ, ಇದು ಎಲ್ಲೀದೋ?" ಎಂದು ಕೇಳಿದ.

"ಕಂಪನಿ ಜರ್ಮನೀದು ಕಾಕಾ. ತಯಾರಾಗೂದು ಚೀನಾದಾಗ. ಡಬ್ಬಿ ತಳದಾಗ ಬರದಾರಲ್ಲ," ಎಂದ ಅಂಗಡಿಯ ಮಿಲಿಂದ.

"ಹಿಂದ ಕೊಟ್ಟ ಹಸಿರುದು?"

"ಅದೂ ಅದೇ ಕಾರ್ಖಾನಿದು. ಯಾರ ಆರ್ಡರ್ ಕೊಡ್ತಾರ, ಅವರ ಹೆಸರ ಹಚ್ಚಿ, ಅವರ ಬಣ್ಣಾ ಬಳೀತಾರ. ವಾರಂಟಿ ಪಾರ್ಟ ಬರಾಕ ಇಪ್ಪತ್ತ ದಿನಾ ಬೇಕು. ಗಡಿಬಿಡಿ ಇದ್ರ ಈ ನೀಲಿದು ಒಯ್ರಿ. ಇದು ಜಪಾನಿ ಕಂಪನಿ."

ಯಲಗೂರಪ್ಪ ಶೋಕೇಸಿನ ನೀಲಿ ಯಂತ್ರವನ್ನು ಎಳೆದು ಮಗ್ಗುಲಿಗೆ ಉರುಳಿಸಿದ. ತ್ರಿಕೋನ. 7. ಜೇಬಿನಿಂದ ಸ್ಕ್ರೂ ಬಿಚ್ಚುವ ಅಲೆನ್ ಕೀ ತೆಗೆದ.

"ಕಾಕಾ, ಬಿಚ್ಚಬ್ಯಾಡ್ರಿ! ಅದು ತೋರಸಾಕ ಇಟ್ಟದ್ದು!"

"ಬ್ಯಾರೆ ಕಂಪನಿ ಪಾರ್ಟ ನನ್ನ ಮಷೀನಿಗೆ ಹೆಂಗ ಕೂಡತೈತೋ? ಯಾಕ ಹೆದರ್ತಿ?"

ಎರಡೇ ತಿರುವಿಗೆ ನೀಲಿ ಯಂತ್ರದ ಕ್ಲ್ಯಾಂಪು ಕೆಂಪು ಯಂತ್ರದಲ್ಲಿ ಕೂತಿತು. ಅಲ್ಲೇ ಪ್ಲಗ್ ಹಾಕಿದ. ಬ್ಲೇಡು ಗುಂಯ್‌ಗುಟ್ಟಿತು. ಪ್ಲಗ್ ಕಿತ್ತು ಯಂತ್ರವನ್ನು ಎತ್ತಿಕೊಂಡ.

"ನನ್ನ ವಾರಂಟಿ ಪಾರ್ಟ ಬಂದ ಮ್ಯಾಲೆ ನಿನ್ನ ಜಪಾನಿಗೆ ಹಾಕ್ಕೊ, ಲೇ!"

ಗೆದ್ದು ಬಂದರೂ ಸಿಟ್ಟು ಇಳಿಯಲಿಲ್ಲ. ಗಟ್ಟಿಯಾಗಿ ಒತ್ತಿದರೆ ಇದೂ ಮುರಿಯುತ್ತದೆ ಎಂಬುದು ಈಗ ಖಾತ್ರಿಯಾಗಿತ್ತು. ಸಂಜೆ ಹಲಗೆಯನ್ನು ಕೂದಲೆಳೆಯಷ್ಟೇ ಮುಂದಕ್ಕೆ ಸರಿಸುತ್ತ, ಆ ಕಾರ್ಖಾನೆಯವರನ್ನು ಹಲ್ಲಿನಡಿಯಲ್ಲೇ ಬೈಯುತ್ತ ಕೊರೆದ. ನವಿಲಿಗೆ ಬೆನ್ನು ಬಂತು. ಬಾಲ ಇನ್ನೂ ಉಳಿದಿತ್ತು.